ತುಂಗಭದ್ರಾ ಜಲಾಶಯ: ಮೂರು ರಾಜ್ಯಗಳ ನೀರು ಹಂಚಿಕೆಯ ವ್ಯವಸ್ಥೆ

ಹೊಸಪೇಟೆಯ ಪಶ್ಚಿಮದ ಗುಡ್ಡಗಳ ನಡುವೆ ತುಂಗಭದ್ರಾ ನದಿಗೆ ಅಡ್ಡಲಾಗಿ ನಿಂತಿರುವ ಅಣೆಕಟ್ಟು ಕರ್ನಾಟಕದ ನೆಲದಲ್ಲಿದೆ. ಆದರೆ ಅದರ ಹಿಂದೆ ನಿಲ್ಲುವ ನೀರಿನಲ್ಲಿ ಕರ್ನಾಟಕ, ಆಂಧ್ರಪ್ರದೇಶ ಮತ್ತು ತೆಲಂಗಾಣ, ಈ ಮೂರೂ ರಾಜ್ಯಗಳಿಗೆ ಪಾಲಿದೆ. ಅಂತರರಾಜ್ಯ ನದಿಗಳೆಂದರೆ ವ್ಯಾಜ್ಯ, ಬಂದ್ ಮತ್ತು ನ್ಯಾಯಾಲಯ ಎಂಬ ಭಾವನೆ ಬೇರೂರಿರುವ ನಾಡಿನಲ್ಲಿ, ಪ್ರತಿದಿನ ನೀರನ್ನು ಅಳೆದು, ಬರೆದಿಟ್ಟು, ಹಂಚುವ ಕೆಲಸವು ಇಲ್ಲಿ ಏಳು ದಶಕಗಳಿಂದ ನಡೆದುಬಂದಿದೆ. ಆ ಕೆಲಸವನ್ನು ನಿರ್ವಹಿಸುತ್ತಿರುವ ಸಂಸ್ಥೆಯೇ ತುಂಗಭದ್ರಾ ಮಂಡಳಿ.

ಬರುವ ನೀರನ್ನು ಹಂಚಿಕೊಳ್ಳುವುದರಲ್ಲಿ ಈ ವ್ಯವಸ್ಥೆ ಬಹುಮಟ್ಟಿಗೆ ಯಶಸ್ವಿಯಾಗಿದೆ. ಆದರೆ ನೀರನ್ನು ಹಿಡಿದಿಡುವ ಜಲಾಶಯವನ್ನೇ ಜೋಪಾನ ಮಾಡುವ ವಿಷಯದಲ್ಲಿ ಅಷ್ಟೇ ಯಶಸ್ಸು ದೊರೆತಿಲ್ಲ. 2024ರ ಆಗಸ್ಟ್‌ನಲ್ಲಿ 19ನೇ ಕ್ರೆಸ್ಟ್‌ಗೇಟ್ ಕೊಚ್ಚಿಹೋದಾಗ ಈ ಸಂಗತಿ ನಾಡಿಗೆಲ್ಲ ತಿಳಿಯಿತು. ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿಯ ಸುತ್ತಮುತ್ತಲ ಜನಜೀವನಕ್ಕೆ ಇದು ನೇರವಾಗಿ ತಟ್ಟುವ ವಿಷಯವಾಗಿದೆ.

ನದಿ ಮತ್ತು ಜಲಾನಯನ

ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಲ್ಲಿ ಹುಟ್ಟುವ ತುಂಗಾ ಮತ್ತು ಭದ್ರಾ ನದಿಗಳು ಶಿವಮೊಗ್ಗ ಜಿಲ್ಲೆಯ ಕೂಡ್ಲಿಯಲ್ಲಿ ಸಂಗಮಿಸಿ ತುಂಗಭದ್ರೆಯಾಗುತ್ತವೆ. ಮುಂದೆ ವರದಾ ಮೊದಲಾದ ಉಪನದಿಗಳನ್ನು ಕೂಡಿಸಿಕೊಂಡು ನದಿಯು ಹೊಸಪೇಟೆಯ ಸಮೀಪ ಜಲಾಶಯವನ್ನು ಸೇರುತ್ತದೆ. ಅಣೆಕಟ್ಟಿನಿಂದ ಮುಂದಕ್ಕೆ ಹಂಪಿ, ಆನೆಗೊಂದಿ, ಕಂಪ್ಲಿ, ಸಿರುಗುಪ್ಪದ ಮೂಲಕ ಸಾಗಿ, ರಾಯಚೂರು ಜಿಲ್ಲೆಯ ಅಂಚಿನಲ್ಲಿ ರಾಜ್ಯಗಳ ಗಡಿಯಾಗಿ ಹರಿದು, ಕರ್ನೂಲು ದಾಟಿದ ಮೇಲೆ ಕೃಷ್ಣೆಯಲ್ಲಿ ಲೀನವಾಗುತ್ತದೆ.

ಜಲಾಶಯಕ್ಕೆ ನೀರು ಹರಿದುಬರುವ ಜಲಾನಯನ ಪ್ರದೇಶ ಸುಮಾರು 28,180 ಚದರ ಕಿಲೋಮೀಟರ್. ಅಲ್ಲಿನ ನೀರು ಬಹುಪಾಲು ಮಲೆನಾಡಿನ ಮುಂಗಾರು ಮಳೆಯದು. ಬಯಲುಸೀಮೆಯಲ್ಲಿ ಮೋಡವೇ ಕಾಣದ ದಿನಗಳಲ್ಲಿ ಜಲಾಶಯ ತುಂಬುವುದೂ, ಹೊಸಪೇಟೆಯಲ್ಲಿ ಮಳೆ ಸುರಿದಾಗ ಒಳಹರಿವು ಇಲ್ಲದಿರುವುದೂ ಉಂಟು. ಆದುದರಿಂದ ಇಲ್ಲಿನ ರೈತರು ಆಗುಂಬೆ, ಶೃಂಗೇರಿಗಳ ಮಳೆಯ ಸುದ್ದಿಗೆ ಕಿವಿಗೊಟ್ಟಿರುತ್ತಾರೆ.

ಒಪ್ಪಂದಗಳ ಹಾದಿ

ತುಂಗಭದ್ರೆಗೆ ಅಣೆಕಟ್ಟು ಕಟ್ಟಬೇಕೆಂಬ ಆಲೋಚನೆ ಹತ್ತೊಂಬತ್ತನೆಯ ಶತಮಾನದಷ್ಟು ಹಳೆಯದು. ಆಗ ನದಿಯ ಮೇಲ್ಭಾಗ ಮೈಸೂರು ಸಂಸ್ಥಾನದಲ್ಲಿತ್ತು. ಕೆಳಗೆ ಬಲದಂಡೆಯು ಮದರಾಸು ಪ್ರಾಂತಕ್ಕೂ ಎಡದಂಡೆಯು ಹೈದರಾಬಾದ್ ಸಂಸ್ಥಾನಕ್ಕೂ ಸೇರಿದ್ದವು. ನೀರಿನ ಬಳಕೆಯ ಬಗ್ಗೆ ಮದರಾಸು ಮತ್ತು ಮೈಸೂರುಗಳ ನಡುವೆ 1892ರಲ್ಲಿಯೇ ಒಪ್ಪಂದವಾಗಿತ್ತು. ಆದರೆ ಎರಡು ದಂಡೆಗಳ ಒಡೆಯರು ಒಪ್ಪದೆ ಅಣೆಕಟ್ಟು ಸಾಧ್ಯವಿರಲಿಲ್ಲ. ಬಳ್ಳಾರಿ ಮತ್ತು ರಾಯಲಸೀಮೆಯ ಜನರು ಬರಗಾಲದ ಮೇಲೆ ಬರಗಾಲವನ್ನು ಅನುಭವಿಸಬೇಕಾಯಿತು.

ಕೊನೆಗೆ 1944ರಲ್ಲಿ ಮದರಾಸು ಮತ್ತು ಹೈದರಾಬಾದ್ ಸರ್ಕಾರಗಳು ಅಣೆಕಟ್ಟಿನ ನಿರ್ಮಾಣಕ್ಕೆ ಸಮ್ಮತಿಸಿದವು. 1945ರ ಫೆಬ್ರುವರಿ 28ರಂದು ಒಂದು ದಂಡೆಯಲ್ಲಿ ಮದರಾಸಿನ ಗವರ್ನರ್ ಸರ್ ಆರ್ಥರ್ ಹೋಪ್ ಅವರೂ ಇನ್ನೊಂದು ದಂಡೆಯಲ್ಲಿ ಹೈದರಾಬಾದಿನ ಯುವರಾಜ ಬೇರಾರ್ ರಾಜಕುಮಾರರೂ ಶಂಕುಸ್ಥಾಪನೆ ನೆರವೇರಿಸಿದರು. ಒಂದೇ ಅಣೆಕಟ್ಟಿಗೆ ಎರಡು ಸರ್ಕಾರಗಳು ಎರಡು ಕಡೆಯಿಂದ ಕೆಲಸ ಆರಂಭಿಸಿದವು.

ಸಿಮೆಂಟಿನ ಬದಲು ಸುರ್ಕಿ ಗಾರೆಯಿಂದ ಕಟ್ಟಿದ ಕಲ್ಲಿನ ಅಣೆಕಟ್ಟು ಇದು. ಮದರಾಸಿನ ಎಂಜಿನಿಯರ್ ಎಂ.ಎಸ್. ತಿರುಮಲೆ ಅಯ್ಯಂಗಾರ್ ಅವರ ಹೆಸರು ಇದರ ನಿರ್ಮಾಣದೊಂದಿಗೆ ಬೆಸೆದುಕೊಂಡಿದೆ. 1953ರಲ್ಲಿ ಜಲಾಶಯದಲ್ಲಿ ನೀರು ನಿಲ್ಲಿಸಲಾಯಿತು. ಸುಮಾರು 90 ಹಳ್ಳಿಗಳು ಮುಳುಗಡೆಯಾಗಿ, ಸಾವಿರಾರು ಕುಟುಂಬಗಳು ಮನೆ, ಹೊಲಗಳನ್ನು ತೊರೆದು ಹೋದವು. ಇಂದಿನ ಹಸಿರಿನ ಹಿಂದೆ ಅವರ ತ್ಯಾಗವಿರುವುದನ್ನು ಮರೆಯುವಂತಿಲ್ಲ.

ಮಂಡಳಿಯ ರಚನೆ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯವಾಯಿತು. ಅದೇ ದಿನ ಬಳ್ಳಾರಿ ಜಿಲ್ಲೆಯು ಆದೋನಿ, ಆಲೂರು ಮತ್ತು ರಾಯದುರ್ಗ ತಾಲ್ಲೂಕುಗಳನ್ನು ಆಂಧ್ರಕ್ಕೆ ಬಿಟ್ಟುಕೊಟ್ಟು ಮೈಸೂರು ರಾಜ್ಯವನ್ನು ಸೇರಿತು. ಬಲದಂಡೆಯ ಕಾಲುವೆಗಳ ಮೂಲ ಒಂದು ರಾಜ್ಯದಲ್ಲಿ, ಕೊನೆ ಇನ್ನೊಂದು ರಾಜ್ಯದಲ್ಲಿ ಎಂಬ ಸ್ಥಿತಿ ಉಂಟಾಯಿತು. ಈ ತೊಡಕನ್ನು ನಿವಾರಿಸಲು ಆಂಧ್ರ ರಾಜ್ಯ ಕಾಯ್ದೆಯ 66ನೆಯ ವಿಧಿಯ ಅನ್ವಯ ರಾಷ್ಟ್ರಪತಿಗಳ ಆದೇಶದಿಂದ ತುಂಗಭದ್ರಾ ಮಂಡಳಿ ಅಸ್ತಿತ್ವಕ್ಕೆ ಬಂದಿತು.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಹೈದರಾಬಾದಿನ ರಾಯಚೂರು, ಕೊಪ್ಪಳ ಭಾಗಗಳು ಮೈಸೂರನ್ನು ಸೇರಿದವು. ಹೀಗಾಗಿ ಮುನಿರಾಬಾದ್ ಕಡೆಯ ಎಡದಂಡೆ ಕಾಲುವೆಗಳು ರಾಜ್ಯದ ಜಲಸಂಪನ್ಮೂಲ ಇಲಾಖೆಯ ಕೈಯಲ್ಲಿವೆ. ಬಲದಂಡೆಯಲ್ಲಿ ಎರಡೂ ರಾಜ್ಯಗಳಿಗೆ ಸಂಬಂಧಿಸಿದ ಕಾಮಗಾರಿಗಳು, ಕಾಲುವೆಗಳ ಸಾಮಾನ್ಯ ಭಾಗ, ವಿದ್ಯುತ್ ಕೇಂದ್ರಗಳು ಮತ್ತು ಜಲಾಶಯದ ಮೀನುಗಾರಿಕೆ ಮಂಡಳಿಯ ಕೆಲಸವಾಗಿವೆ.

ಮಂಡಳಿಯ ಅಧ್ಯಕ್ಷರನ್ನು ಕೇಂದ್ರ ಸರ್ಕಾರ ನೇಮಿಸುತ್ತದೆ. ಕೇಂದ್ರದ ಮತ್ತು ರಾಜ್ಯಗಳ ಪ್ರತಿನಿಧಿಗಳು ಸದಸ್ಯರಾಗಿರುತ್ತಾರೆ. 2014ರಲ್ಲಿ ತೆಲಂಗಾಣ ರಚನೆಯಾದ ಬಳಿಕ ಅದಕ್ಕೂ ಸ್ಥಾನ ದೊರೆತಿದೆ. ಕಚೇರಿ ಹೊಸಪೇಟೆಯ ಟಿ.ಬಿ. ಡ್ಯಾಂನಲ್ಲಿದೆ. ಖರ್ಚನ್ನು ರಾಜ್ಯಗಳು ಹಂಚಿಕೊಂಡು ಭರಿಸುತ್ತವೆ. ಅಣೆಕಟ್ಟಿನ ಬುಡದಲ್ಲಿ ಮತ್ತು ಹಂಪಿಯ ಸಮೀಪ ಇರುವ ತಲಾ 36 ಮೆಗಾವಾಟ್ ಸಾಮರ್ಥ್ಯದ ಎರಡು ಕೇಂದ್ರಗಳ ವಿದ್ಯುತ್ತಿನಲ್ಲಿ ಕರ್ನಾಟಕದ ಪಾಲು ಶೇಕಡ 20.

ಯಾರಿಗೆ ಎಷ್ಟು ನೀರು?

ಇಂದಿನ ಹಂಚಿಕೆಗೆ ಆಧಾರ ನ್ಯಾಯಮೂರ್ತಿ ಆರ್.ಎಸ್. ಬಚಾವತ್ ನೇತೃತ್ವದ ಕೃಷ್ಣಾ ಜಲವಿವಾದ ನ್ಯಾಯಾಧಿಕರಣದ ತೀರ್ಪು. 1969ರಲ್ಲಿ ರಚನೆಯಾದ ಈ ನ್ಯಾಯಾಧಿಕರಣವು 1973ರಲ್ಲಿ ತೀರ್ಪು ನೀಡಿತು. 1976ರಲ್ಲಿ ಅದು ಅಂತಿಮಗೊಂಡಿತು. ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನೇತೃತ್ವದ ಎರಡನೆಯ ನ್ಯಾಯಾಧಿಕರಣ 2010ರಲ್ಲಿ ತೀರ್ಪು ಕೊಟ್ಟಿತಾದರೂ, ಸುಪ್ರೀಂ ಕೋರ್ಟಿನಲ್ಲಿನ ವ್ಯಾಜ್ಯದಿಂದಾಗಿ ಅದರ ಅಧಿಸೂಚನೆ ತಡೆಯಲ್ಪಟ್ಟಿತು.

ಬಚಾವತ್ ತೀರ್ಪಿನಂತೆ ಜಲಾಶಯದ ಒಟ್ಟು ಬಳಕೆ 230 ಟಿಎಂಸಿ ಅಡಿ. ಇದರಲ್ಲಿ 18 ಟಿಎಂಸಿ ಅಡಿ ಆವಿಯಾಗುವ ನೀರಿನ ಲೆಕ್ಕ. ಉಳಿದ 212 ಟಿಎಂಸಿ ಅಡಿ ನೀರಿನ ಹಂಚಿಕೆ ಹೀಗಿದೆ:

ಎಡದಂಡೆ ಮುಖ್ಯ ಕಾಲುವೆ: ಕರ್ನಾಟಕಕ್ಕೆ 92
ಎಡದಂಡೆ ಮೇಲ್ಮಟ್ಟದ ಕಾಲುವೆ: ಕರ್ನಾಟಕಕ್ಕೆ 1
ಬಲದಂಡೆ ಮೇಲ್ಮಟ್ಟದ ಕಾಲುವೆ: ಕರ್ನಾಟಕಕ್ಕೆ 17.5, ಆಂಧ್ರಕ್ಕೆ 32.5
ಬಲದಂಡೆ ಕೆಳಮಟ್ಟದ ಕಾಲುವೆ: ಕರ್ನಾಟಕಕ್ಕೆ 19, ಆಂಧ್ರಕ್ಕೆ 24
ರಾಯ, ಬಸವಣ್ಣ ಕಾಲುವೆಗಳು: ಕರ್ನಾಟಕಕ್ಕೆ 7
ವಿಜಯನಗರ ಕಾಲದ ಇತರ ಕಾಲುವೆಗಳು: ಕರ್ನಾಟಕಕ್ಕೆ 2
ಕರ್ನೂಲು–ಕಡಪ ಕಾಲುವೆಗೆ ನೆರವು: ಆಂಧ್ರಕ್ಕೆ 10
ರಾಜೋಳಿಬಂಡಾ ತಿರುವು ಯೋಜನೆಗೆ ನೆರವು: ಒಟ್ಟು 7, ಬಹುಪಾಲು ಇಂದಿನ ತೆಲಂಗಾಣಕ್ಕೆ

ಒಂದು ಟಿಎಂಸಿ ಅಡಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,830 ಕೋಟಿ ಲೀಟರ್ ನೀರು. ಜಲಾಶಯದಿಂದ ಸೆಕೆಂಡಿಗೆ ಸುಮಾರು 11,600 ಘನ ಅಡಿಯಂತೆ ಇಡೀ ಒಂದು ದಿನ ನೀರು ಹರಿದರೆ ಒಂದು ಟಿಎಂಸಿ ಅಡಿ ಆಗುತ್ತದೆ.

ನೂರೈದು ಟಿಎಂಸಿ ಅಡಿ ಹಿಡಿಯುವ ಜಲಾಶಯದಿಂದ 212 ಟಿಎಂಸಿ ಅಡಿ ಕೊಡುವುದು ಹೇಗೆ ಎಂಬ ಸಂದೇಹ ಸಹಜ. ಮುಂಗಾರಿನಲ್ಲಿ ಒಳಹರಿವು ಇರುವಷ್ಟು ಕಾಲವೂ ಕಾಲುವೆಗಳಿಗೆ ನೀರು ಬಿಡುತ್ತಲೇ ಜಲಾಶಯವನ್ನು ತುಂಬಿಸಲಾಗುತ್ತದೆ. ಒಳಹರಿವು ನಿಂತ ಮೇಲೆ ಸಂಗ್ರಹವೇ ಆಧಾರ. ಆದ್ದರಿಂದ ಮೊದಲ ಬೆಳೆಯು ನದಿಯ ಹರಿವನ್ನೂ ಎರಡನೆಯ ಬೆಳೆಯು ಜಲಾಶಯದ ಹೊಟ್ಟೆಯನ್ನೂ ನೆಚ್ಚಿಕೊಂಡಿವೆ.

ವರ್ಷದ ಲೆಕ್ಕ

ತೀರ್ಪಿನ ಅಂಕಿಗಳು ಕಾಗದದ ಮೇಲಿನವು. ಮಳೆ ಪ್ರತಿವರ್ಷವೂ ಅದಕ್ಕೆ ಒಪ್ಪಿ ಸುರಿಯುವುದಿಲ್ಲ. ಹಾಗಾಗಿ ಪ್ರತಿ ಜಲವರ್ಷದ ಆರಂಭದಲ್ಲಿ ಮಂಡಳಿಯು ಆ ವರ್ಷ ದೊರೆಯಬಹುದಾದ ನೀರನ್ನು ಅಂದಾಜು ಮಾಡಿ, ಯಾವ ತಿಂಗಳು ಯಾವ ಕಾಲುವೆಗೆ ಎಷ್ಟು ಎಂಬ ಪಟ್ಟಿ ಸಿದ್ಧಪಡಿಸುತ್ತದೆ. ಇದಕ್ಕೆ ವರ್ಕಿಂಗ್ ಟೇಬಲ್ ಎನ್ನುತ್ತಾರೆ. ಋತು ಮುಂದುವರಿದಂತೆ ಅಂದಾಜನ್ನು ಪರಿಷ್ಕರಿಸಲಾಗುತ್ತದೆ. ನೀರು ಕಡಿಮೆಯಾದರೆ ಕೊರತೆಯನ್ನೂ ರಾಜ್ಯಗಳು ತಮ್ಮ ಪಾಲಿನ ಪ್ರಮಾಣದಲ್ಲಿಯೇ ಹೊರಬೇಕು.

ಈ ವ್ಯವಸ್ಥೆಯ ನಿಜವಾದ ಬಲ ಇರುವುದು ಇಲ್ಲಿಯೇ. ಕಾವೇರಿಯಲ್ಲಿ ಸಂಕಷ್ಟದ ವರ್ಷದ ಹಂಚಿಕೆ ಹೇಗೆ ಎಂಬುದೇ ದಶಕಗಳ ಕಲಹವಾಗಿತ್ತು. ತುಂಗಭದ್ರೆಯಲ್ಲಿ ಆ ಪ್ರಶ್ನೆಗೆ ಮೊದಲೇ ಉತ್ತರ ಬರೆದಿಡಲಾಗಿದೆ. ಅಧಿಕಾರಿಗಳ ನಡುವೆ ವಾಗ್ವಾದ ನಡೆಯುತ್ತದೆ, ಅಳತೆಯ ಬಗ್ಗೆ ಆಕ್ಷೇಪಗಳು ಬರುತ್ತವೆ. ಆದರೂ ಸಭೆ ಮುರಿದುಬಿದ್ದು ನೀರು ನಿಂತುಹೋಗುವ ಹಂತ ಬರುವುದಿಲ್ಲ.

ರಾಜ್ಯಕ್ಕೆ ಬಂದ ಪಾಲನ್ನು ಒಳಗೆ ಹಂಚುವ ಹೊಣೆ ನೀರಾವರಿ ಸಲಹಾ ಸಮಿತಿಯದು. ಇಲ್ಲಿ ಚಿತ್ರ ಅಷ್ಟು ಸೊಗಸಾಗಿಲ್ಲ. 227 ಕಿಲೋಮೀಟರ್ ಉದ್ದದ ಎಡದಂಡೆ ಮುಖ್ಯ ಕಾಲುವೆಯನ್ನು ಮುಖ್ಯವಾಗಿ ಮಿತ ನೀರಾವರಿ ಬೆಳೆಗಳಿಗಾಗಿ ರೂಪಿಸಲಾಗಿತ್ತು. ಗಂಗಾವತಿ, ಕಾರಟಗಿ, ಸಿಂಧನೂರು ಭಾಗಗಳಲ್ಲಿ ಭತ್ತ ವ್ಯಾಪಕವಾಗಿ ಹರಡಿತು. ಅಕ್ರಮ ಪಂಪ್‌ಸೆಟ್‌ಗಳೂ ಸೇರಿಕೊಂಡವು. ಪರಿಣಾಮವಾಗಿ ಮಾನ್ವಿ, ರಾಯಚೂರು ಕಡೆಯ ಕೊನೆಭಾಗದ ಹೊಲಗಳಿಗೆ ನೀರು ತಲುಪುವುದೇ ಕಷ್ಟವಾಗಿದೆ. ರಾಜ್ಯ ರಾಜ್ಯಗಳ ನಡುವೆ ನ್ಯಾಯಾಧಿಕರಣ ಉಂಟು. ಮೇಲ್ಭಾಗದ ರೈತನಿಗೂ ಕೊನೆಭಾಗದ ರೈತನಿಗೂ ನಡುವೆ ಅಂಥದೊಂದು ಇಲ್ಲ.

ನಾಲ್ಕು ಊರುಗಳ ನೋಟ

ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿ ಒಂದಕ್ಕೊಂದು ಸಮೀಪದ ಊರುಗಳು. ಆದರೂ ಒಂದೇ ನದಿಯೊಡನೆ ಇವುಗಳ ಸಂಬಂಧ ಬೇರೆ ಬೇರೆಯಾಗಿದೆ.

2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಕೇಂದ್ರ ಹೊಸಪೇಟೆ. ಅಣೆಕಟ್ಟು, ಮಂಡಳಿ, ಬಲದಂಡೆ ಕಾಲುವೆಗಳ ತಲೆಬಾಗಿಲು ಎಲ್ಲವೂ ಇಲ್ಲಿಯೇ ಇವೆ. ಊರಿನ ಸುತ್ತಲ ಕಬ್ಬು, ಬಾಳೆ ಮತ್ತು ಭತ್ತದ ಗದ್ದೆಗಳನ್ನು ಪೋಷಿಸುತ್ತಿರುವುದು ಹೊಸ ಕಾಲುವೆಗಳಷ್ಟೇ ಅಲ್ಲ. ರಾಯ ಮತ್ತು ಬಸವಣ್ಣ ಕಾಲುವೆಗಳೂ ಹೌದು. ವಿಜಯನಗರದ ಅರಸರ ಕಾಲದ ಈ ಕಾಲುವೆಗಳು ಈಗ ಜಲಾಶಯದಿಂದಲೇ ನೀರು ಪಡೆಯುತ್ತವೆ.

ಹಂಪಿಯಲ್ಲಿ ಸ್ಮಾರಕಗಳ ನಡುವೆಯೇ ತುರ್ತಾ ಕಾಲುವೆ ಹರಿಯುತ್ತದೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಈ ನೆಲದಲ್ಲಿ ಕಾಲುವೆಯೂ ಒಂದು ಜೀವಂತ ಸ್ಮಾರಕ. ವ್ಯತ್ಯಾಸವೆಂದರೆ ಅದು ಇಂದಿಗೂ ತನ್ನ ಮೂಲ ಕೆಲಸವನ್ನು ಮಾಡುತ್ತಿದೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ವಿಜಯನಗರ ಕಾಲುವೆಗಳ ಆಧುನೀಕರಣ ಕೈಗೊಂಡಾಗ, ಸೋರಿಕೆ ತಡೆಯುವುದು ಮತ್ತು ಹಳೆಯ ಕಲ್ಲಿನ ಕಟ್ಟಡವನ್ನು ಉಳಿಸುವುದು ಎರಡನ್ನೂ ಏಕಕಾಲದಲ್ಲಿ ಸಾಧಿಸಬೇಕಾಯಿತು. ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ನದಿಪಾತ್ರದ ಪುರಂದರ ಮಂಟಪ ಮುಳುಗುತ್ತದೆ, ಹರಿಗೋಲುಗಳು ದಡ ಸೇರುತ್ತವೆ.

ಕಂಪ್ಲಿ ಬಳ್ಳಾರಿ ಜಿಲ್ಲೆಗೆ ಸೇರಿದೆ. ಇಲ್ಲಿಯೂ ವಿಜಯನಗರ ಕಾಲದ ಕಾಲುವೆಯಿದೆ. ಕೆಳಮಟ್ಟದ ಕಾಲುವೆಯೂ ತಾಲ್ಲೂಕಿನಲ್ಲಿ ಹಾದುಹೋಗುತ್ತದೆ. ಭತ್ತಕ್ಕೆ ಹೆಸರಾದ ಈ ಊರಿಗೆ ನೀರು ಕಡಿಮೆಯಾದರೂ ಚಿಂತೆ, ಹೆಚ್ಚಾದರೂ ಚಿಂತೆ. ಪ್ರವಾಹದ ವರ್ಷಗಳಲ್ಲಿ ಕಂಪ್ಲಿ–ಗಂಗಾವತಿ ಸೇತುವೆ ಮುಳುಗಿ ಎರಡು ದಂಡೆಗಳ ಸಂಪರ್ಕ ಕಡಿದುಹೋಗುತ್ತದೆ. ಆದುದರಿಂದ ಗೇಟುಗಳನ್ನು ಯಾವಾಗ, ಎಷ್ಟು ತೆರೆಯಲಾಗುವುದು ಎಂಬ ಮುನ್ಸೂಚನೆಯೂ ನೀರಿನಷ್ಟೇ ಮುಖ್ಯ.

ಸಂಡೂರಿನ ಕಥೆ ಬೇರೆ. ಗುಡ್ಡಗಳ ನಡುವಿನ ಈ ಹಳೆಯ ಸಂಸ್ಥಾನದ ನೀರನ್ನು ಹೊರಕ್ಕೊಯ್ಯುವುದು ನಾರಿಹಳ್ಳ. ಈ ಹಳ್ಳ ಜಲಾಶಯವನ್ನು ಸೇರುವುದಿಲ್ಲ. ಕಣಿವೆಯಿಂದ ಹೊರಬಿದ್ದು ದರೋಜಿ ಕೆರೆಯತ್ತ ಸಾಗುತ್ತದೆ. ಆದ್ದರಿಂದ ಸಂಡೂರಿನ ಗಣಿಗಳ ಕೆಂಪು ಮಣ್ಣು ಮೊದಲು ತುಂಬುವುದು ಇಲ್ಲಿನ ಹಳ್ಳ, ಕೆರೆ, ಹೊಲಗಳನ್ನು. ಸುಪ್ರೀಂ ಕೋರ್ಟ್ 2011ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ತಡೆದು, 2013ರಲ್ಲಿ ತೀವ್ರ ಉಲ್ಲಂಘನೆಯ ಗುತ್ತಿಗೆಗಳನ್ನು ರದ್ದುಪಡಿಸಿ, ಉಳಿದವುಗಳಿಗೆ ಪುನಶ್ಚೇತನದ ಷರತ್ತು ವಿಧಿಸಿತು. ಜಲಾನಯನದ ನಿರ್ವಹಣೆ ಎಂದರೆ ಅಣೆಕಟ್ಟಿನ ನಿರ್ವಹಣೆ ಮಾತ್ರವಲ್ಲ ಎಂಬುದಕ್ಕೆ ಸಂಡೂರು ಸಾಕ್ಷಿ.

ಹೂಳಿನ ಸಮಸ್ಯೆ

ಜಲಾಶಯದ ಮೂಲ ಸಾಮರ್ಥ್ಯ ಸುಮಾರು 132 ಟಿಎಂಸಿ ಅಡಿ. 2016ರ ಸಮೀಕ್ಷೆಯ ಪ್ರಕಾರ ಅದು 105.788 ಟಿಎಂಸಿ ಅಡಿಗೆ ಇಳಿದಿದೆ. ಅಂದರೆ ಸುಮಾರು 27 ಟಿಎಂಸಿ ಅಡಿ ನೀರಿನ ಜಾಗವನ್ನು ಹೂಳು ಆಕ್ರಮಿಸಿದೆ. ಕೆಳಮಟ್ಟದ ಕಾಲುವೆಯಲ್ಲಿ ಆಂಧ್ರದ ಇಡೀ ಪಾಲು 24, ಮೇಲ್ಮಟ್ಟದ ಕಾಲುವೆಯಲ್ಲಿ ಕರ್ನಾಟಕದ ಪಾಲು 17.5. ಕಳೆದುಹೋದ ಜಾಗ ಇವೆರಡರಲ್ಲಿ ಯಾವುದಕ್ಕಿಂತಲೂ ಹೆಚ್ಚು.

ನೀರಿಗೆ ಪಾಲುದಾರರಿದ್ದಾರೆ, ಹೂಳಿಗೆ ಇಲ್ಲ. ತೀರ್ಪು ನೀರನ್ನು ಹಂಚಿತೇ ವಿನಾ ಕುಗ್ಗುತ್ತಿರುವ ಜಲಾಶಯವನ್ನು ಸರಿಪಡಿಸುವ ಹೊಣೆಯನ್ನು ಅಷ್ಟೇ ಸ್ಪಷ್ಟವಾಗಿ ಹಂಚಲಿಲ್ಲ. ಇಷ್ಟು ಹೂಳನ್ನು ಎತ್ತಿ ಹೊರಹಾಕುವುದು ಕಾರ್ಯಸಾಧ್ಯವಲ್ಲ ಎಂಬ ಅಭಿಪ್ರಾಯ ಬಲವಾಗಿದೆ. ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟಿ ಪ್ರವಾಹದ ನೀರನ್ನು ಹಿಡಿದಿಡಬೇಕು ಎಂಬುದು ಕರ್ನಾಟಕದ ಪ್ರಸ್ತಾವ. ಮೇಲ್ಮಟ್ಟದ ಕಾಲುವೆಗೆ ಸಮಾನಾಂತರವಾಗಿ ಪ್ರವಾಹ ಕಾಲುವೆ ಬೇಕು ಎಂಬುದು ಆಂಧ್ರದ ಬೇಡಿಕೆ. ಎರಡಕ್ಕೂ ಉಳಿದ ರಾಜ್ಯಗಳ ಸಮ್ಮತಿ ಬೇಕು.

19ನೇ ಗೇಟಿನ ಪಾಠ

ಅಣೆಕಟ್ಟಿಗೆ 33 ಕ್ರೆಸ್ಟ್‌ಗೇಟುಗಳಿವೆ. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. 2024ರ ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿದ್ದಾಗ, 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಆ ಒಂದೇ ದ್ವಾರದಿಂದ ಸುಮಾರು 35 ಸಾವಿರ ಕ್ಯುಸೆಕ್ ನೀರು ನುಗ್ಗತೊಡಗಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಕೂಡಲೇ ಇಳಿಬಿಡಬಹುದಾದ ಬದಲಿ ಗೇಟು ಅಣೆಕಟ್ಟಿನಲ್ಲಿ ಇರಲಿಲ್ಲ.

ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಉಕ್ಕಿನ ಸ್ಟಾಪ್‌ಲಾಗ್‌ಗಳನ್ನು ಸಿದ್ಧಪಡಿಸಿ, ಹರಿಯುವ ನೀರಿನಲ್ಲಿಯೇ ಒಂದರ ಮೇಲೊಂದು ಇಳಿಸಲಾಯಿತು. ಆಗಸ್ಟ್ 16ರಂದು ಮೊದಲನೆಯದು ಕುಳಿತಿತು, ಮರುದಿನ ಹರಿವು ನಿಂತಿತು. ಮೂರೂ ರಾಜ್ಯಗಳ ಹಿತ ಒಂದೇ ದ್ವಾರದಲ್ಲಿ ಸಿಲುಕಿದ್ದ ಆ ವಾರದಲ್ಲಿ ಪರಸ್ಪರ ದೂರುವುದಕ್ಕಿಂತ ಕೆಲಸಕ್ಕೆ ಆದ್ಯತೆ ದೊರೆಯಿತು. ಹತ್ತಾರು ಟಿಎಂಸಿ ಅಡಿ ನೀರು ನಷ್ಟವಾದರೂ ಮುಂದಿನ ವಾರಗಳ ಮಳೆಯಿಂದ ಜಲಾಶಯ ಬಹುಮಟ್ಟಿಗೆ ಮತ್ತೆ ತುಂಬಿತು.

ಬಳಿಕ ಕೇಂದ್ರ ಜಲ ಆಯೋಗದ ಮಾಜಿ ಅಧ್ಯಕ್ಷ ಎ.ಕೆ. ಬಜಾಜ್ ನೇತೃತ್ವದ ಸಮಿತಿ ಎಲ್ಲ 33 ಗೇಟುಗಳನ್ನೂ ಬದಲಿಸಬೇಕೆಂದು ಶಿಫಾರಸು ಮಾಡಿತು. 2025ರ ಮುಂಗಾರಿನಲ್ಲಿ ಸುರಕ್ಷತೆಯ ದೃಷ್ಟಿಯಿಂದ ಸಂಗ್ರಹವನ್ನು 80 ಟಿಎಂಸಿ ಅಡಿಗೆ ಸೀಮಿತಗೊಳಿಸಲಾಯಿತು. ಗೇಟು ಬದಲಿಸಲು ನೀರಿನ ಮಟ್ಟ ಇಳಿಯಬೇಕಾದ್ದರಿಂದ 2025–26ರ ಎರಡನೇ ಬೆಳೆಗೆ ನೀರು ಬಿಡದಿರಲು ತೀರ್ಮಾನಿಸಿ, 2025ರ ಡಿಸೆಂಬರ್‌ನಲ್ಲಿ ಕೆಲಸ ಆರಂಭಿಸಲಾಯಿತು. ಏಳು ದಶಕ ಹಳೆಯ ಗೇಟುಗಳನ್ನು ಸಕಾಲದಲ್ಲಿ, ಹಂತಹಂತವಾಗಿ ಬದಲಿಸಿದ್ದರೆ ರೈತರು ಒಂದು ಇಡೀ ಬೆಳೆಯನ್ನು ಬಿಟ್ಟುಕೊಡಬೇಕಾದ ಪ್ರಸಂಗವನ್ನು ತಪ್ಪಿಸಬಹುದಿತ್ತೇ ಎಂಬ ಪ್ರಶ್ನೆ ಉಳಿದಿದೆ.

ಮೇಲೆ ಮತ್ತು ಕೆಳಗೆ

ಮಂಡಳಿಯ ಅಧಿಕಾರ ಇಡೀ ನದಿಗೆ ವ್ಯಾಪಿಸಿಲ್ಲ. ಮೇಲ್ಭಾಗದಲ್ಲಿ ಭದ್ರಾ ಜಲಾಶಯ, ಗಾಜನೂರಿನ ತುಂಗಾ ಅಣೆಕಟ್ಟು, ಸಿಂಗಟಾಲೂರು ಏತ ನೀರಾವರಿ ಇವೆ. ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೆ ನೀರೊಯ್ಯುವ ಭದ್ರಾ ಮೇಲ್ದಂಡೆ ಯೋಜನೆಗೆ ಕೆಳಗಿನ ರಾಜ್ಯಗಳು ಆಕ್ಷೇಪ ಎತ್ತಿವೆ. ಬರಪೀಡಿತ ಚಿತ್ರದುರ್ಗದ ಬೇಡಿಕೆ ನ್ಯಾಯವಾದದ್ದೇ. ಆದರೆ ಜಲಾಶಯದ ಒಳಹರಿವಿನ ಬಗ್ಗೆ ಸ್ವತಃ ಕರ್ನಾಟಕದ ಕೊಪ್ಪಳ, ರಾಯಚೂರು ರೈತರಿಗೂ ಆತಂಕವಿದೆ.

ಕೆಳಭಾಗದಲ್ಲಿ ರಾಜೋಳಿಬಂಡಾ ಅಣೆಕಟ್ಟೆಯ ದುರಸ್ತಿ ದೀರ್ಘಕಾಲದ ತಕರಾರು. ಕಟ್ಟೆ ಕರ್ನಾಟಕ–ಆಂಧ್ರ ಗಡಿಯಲ್ಲಿದೆ, ಕಾಲುವೆಯ ಹೆಚ್ಚಿನ ಪಾಲು ತೆಲಂಗಾಣದ್ದು. ಕಟ್ಟೆ ಎತ್ತರಿಸಿದರೆ ತಮ್ಮ ನೀರು ಕಡಿಮೆಯಾದೀತು ಎಂಬುದು ಬಲದಂಡೆಯ ಆಂಧ್ರ ರೈತರ ಭಯ.

ಹೊರದೇಶದ ಒಂದು ಉದಾಹರಣೆ ಇಲ್ಲಿ ಉಲ್ಲೇಖಾರ್ಹ. ಪಶ್ಚಿಮ ಆಫ್ರಿಕಾದ ಸೆನೆಗಲ್ ನದಿಗೆ ಮಾಲಿ, ಮಾರಿಟೇನಿಯಾ ಮತ್ತು ಸೆನೆಗಲ್ ದೇಶಗಳು 1972ರಲ್ಲಿ ಸಂಯುಕ್ತ ಸಂಸ್ಥೆ ಕಟ್ಟಿದವು. 2006ರಲ್ಲಿ ಗಿನಿಯೂ ಸೇರಿತು. ಮಾಲಿಯ ನೆಲದಲ್ಲಿರುವ ಮನಾಂತಾಲಿ ಅಣೆಕಟ್ಟು ಮೂರು ಸ್ಥಾಪಕ ದೇಶಗಳ ಜಂಟಿ ಆಸ್ತಿ. ನೀರು ಮತ್ತು ವಿದ್ಯುತ್ತಿನ ಜೊತೆಗೆ ಅಣೆಕಟ್ಟಿನ ಸಾಲವೂ ಅಲ್ಲಿ ಪಾಲಾಗಿದೆ.

ತುಂಗಭದ್ರೆಯಲ್ಲಿ ಹಂಚಿಕೆಯ ಶಿಸ್ತು ಈಗಾಗಲೇ ಇದೆ. ಅದೇ ಶಿಸ್ತನ್ನು ಹೂಳು, ಗೇಟು, ಪ್ರವಾಹದ ಮುನ್ಸೂಚನೆ ಮತ್ತು ಮೇಲ್ಭಾಗದ ಜಲಾನಯನದ ರಕ್ಷಣೆಗೂ ವಿಸ್ತರಿಸಬೇಕಾಗಿದೆ. ನೀರಿಗೆ ವರ್ಷಕ್ಕೊಂದು ವರ್ಕಿಂಗ್ ಟೇಬಲ್ ಇರುವಂತೆ ನಿರ್ವಹಣೆಗೂ ಮೂರು ರಾಜ್ಯಗಳು ಹಣ ಮತ್ತು ಗಡುವು ನಿಗದಿಪಡಿಸಿದ ಪಟ್ಟಿ ಬೇಕು. ಮುಂದಿನ ಮುಂಗಾರು ತಂದ ನೀರನ್ನು ಹಂಚಿಕೊಳ್ಳಲು ಮೊದಲು ಅದು ಜಲಾಶಯದಲ್ಲಿ ನಿಲ್ಲಬೇಕಲ್ಲವೇ?